ಬೆವರಿನ ಮೇಲೆ ಪೌಡರ್ ಬೇಡ ತಂಗಿ, ಆ ಟ್ಯೂಬ್ ಅಂತೂ ಬೇಡವೇ ಬೇಡ

ತಂಗಿ, ನೀನು ಗುಂಪಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಮುಂಬೈಯ ಮುಲುಂಡಿನಲ್ಲಿ ಜಿಮ್ ಮುಗಿಸಿ, ವೆಟ್ ವೈಪ್ಸಿನಲ್ಲಿ ಮುಖ, ಕುತ್ತಿಗೆ, ಕಂಕುಳು ಒರೆಸಿ, ಅದರ ಮೇಲೆ ಡಿಯೋ, ಮುಖಕ್ಕೆ ಕಾಂಪ್ಯಾಕ್ಟ್, ಅದೇ ಲೆಗಿಂಗ್ಸಿನ ಮೇಲೆ ಕುರ್ತಾ ಹಾಕಿ ಸಿಎಸ್‌ಎಂಟಿ ಫಾಸ್ಟ್ ಲೋಕಲ್ ರೈಲು ಹಿಡೀತೀಯ. ಎಲ್ಲ ಸೇರಿ 8 ನಿಮಿಷ. ಈಗ ತೊಡೆಸಂದಿಯಲ್ಲಿ ತುರಿಕೆ. ಮೆಡಿಕಲ್ಲಿನವನು ಕೊಟ್ಟ ಕ್ರೀಮು ಹಚ್ಚಿದರೆ ಮೂರು ದಿನಕ್ಕೆ ಮಾಯ, ಬಿಟ್ಟರೆ ಪುನಃ ಶುರು. ಇನ್ನೊಂದು ಟ್ಯೂಬ್ ತಗೊಳ್ಳಲಾ, ವೈಪ್ಸ್ ಯಾವುದು ಒಳ್ಳೇದು ಅಂತ ಕೇಳಿದ್ದೀಯ. ಕೆಳಗೆ ಎಲ್ಲರೂ ವೈಪ್ಸಿನ ಹೆಸರೇ ಹೇಳಿದ್ದಾರೆ, ಟ್ಯೂಬಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಂಗೆ ಸುಮ್ಮನೆ ಕೂರಲಿಕ್ಕೆ ಆಗ್ಲಿಲ್ಲ.

ಮೊದಲು ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದು. ಕ್ಲೊಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ - ಇದರಲ್ಲಿ ಯಾವುದಾದರೂ ಉಂಟಾ? ಇದ್ದರೆ ಅದು ಸ್ಟಿರಾಯ್ಡ್. ಕ್ಲೋಟ್ರಿಮಜೋಲ್, ಕೀಟೋಕೊನಜೋಲ್, ಲುಲಿಕೊನಜೋಲ್ ಅಂತ 'ಜೋಲ್'ನಲ್ಲಿ ಮುಗಿಯುವುದು ಫಂಗಸ್ಸಿನ ಔಷಧ. ಎರಡನ್ನೂ ಬೆರೆಸಿ, ಮೇಲೆ ಒಂದು ಆ್ಯಂಟಿಬಯಾಟಿಕ್ ಸೇರಿಸಿ ಮಾರ್ತಾರೆ ನೋಡು, ಅದೇ ನಾನು ಬಿದ್ದ ಗುಂಡಿ.

2019ರ ಮಳೆಗಾಲ. ಆಗ ನಾನು ಡೊಂಬಿವ್ಲಿಯಲ್ಲಿದ್ದೆ, ಬೆಳಿಗ್ಗೆ ಜಿಮ್, ಅಲ್ಲಿಂದ ಹಾಗೇ ಲೇಡೀಸ್ ಡಬ್ಬ. ಚೌಥಿ ಸೀಟಿನಲ್ಲಿ, ಅಂದರೆ ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ, ಅರ್ಧ ಕೂತು, ಅರ್ಧ ನೇತಾಡಿಕೊಂಡು ಮುಕ್ಕಾಲು ಗಂಟೆ, ಒದ್ದೆ ಲೆಗಿಂಗ್ಸ್ ಮೈಗಂಟಿಕೊಂಡೇ ಇರ್ತಿತ್ತು. ತೊಡೆಸಂದಿಯಲ್ಲಿ ನಾಲ್ಕಾಣೆ ಅಗಲದ ಕೆಂಪು ಬಿಲ್ಲೆ ಎದ್ದಿತು. ನಾಚಿಕೆಯಿಂದ ಡಾಕ್ಟರ ಹತ್ತಿರ ಹೋಗಲಿಲ್ಲ. ಅಂಗಡಿಯವನು ಕೊಟ್ಟ ಕ್ರೀಮು ಹಚ್ಚಿದ ಎರಡನೇ ರಾತ್ರಿಗೇ ತುರಿಕೆ ನಿಂತಿತು. ಎಷ್ಟು ಸಂತೋಷ ಆಯ್ತು ಅಂದರೆ ಅಕ್ಕನಿಗೂ ಹೇಳಿದೆ, ತಗೋ ಅಂತ. ಬಿಟ್ಟ ವಾರಕ್ಕೇ ಬಂತು, ಮೊದಲಿಗಿಂತ ದೊಡ್ಡದು. ಪುನಃ ಹಚ್ಚಿದೆ. ಹೀಗೆ ಮೂರು ತಿಂಗಳು, ಐದು ಟ್ಯೂಬ್. ಕೊನೆಗೆ ಸೊಂಟದ ಎಲಾಸ್ಟಿಕ್ಕಿನ ಸುತ್ತ, ಎದೆಯ ಕೆಳಗೆ, ಎಲ್ಲ ಕಡೆ ಹಬ್ಬಿತು. ಒಂದೇ ಟವೆಲ್ ಬಳಸ್ತಿದ್ದದ್ದರಿಂದ ನಮ್ಮ ಯಜಮಾನರಿಗೂ ಬಂತು. ಚರ್ಮ ತೆಳ್ಳಗಾಗಿ ತೊಡೆಯಲ್ಲಿ ಬಸಿರಿಯರಿಗೆ ಬರುವಂಥ ಗೆರೆಗಳು ಬಿದ್ದವು. ಆ ಗೆರೆ ಇವತ್ತಿಗೂ ಉಂಟು, ಹೋಗುವುದಿಲ್ಲ.

ಚರ್ಮದ ಡಾಕ್ಟರು ಆ ಜಾಗ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು, ಊರಲ್ಲಿ ಹುಳುಕಡ್ಡಿ ಅಂತೇವಲ್ಲ, ಇಲ್ಲಿ ಮರಾಠಿಯವರು ನಾಯಟಾ ಅಂತಾರೆ, ಅದೇ. ಸ್ಟಿರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸ್ತದೆ, ಜೊತೆಗೆ ಚರ್ಮ ಫಂಗಸ್ಸಿನ ವಿರುದ್ಧ ಹೋರಾಡುವ ಶಕ್ತಿಯನ್ನೂ ಅಡಗಿಸ್ತದೆ. ಮೇಲೆ ಶಾಂತ, ಕೆಳಗೆ ಅದು ಆರಾಮಾಗಿ ಬೆಳೀತಾ ಇರ್ತದೆ. ಉಂಗುರದ ಆಕಾರವೂ ಅಳಿಸಿ ಹೋಗಿ ಯಾವ ರೋಗ ಅಂತ ಗುರುತು ಸಿಗುವುದೂ ಕಷ್ಟ. ಹಚ್ಚುವ ಸ್ಟಿರಾಯ್ಡುಗಳಲ್ಲಿ ಹದಿನಾಲ್ಕನ್ನು 2018ರಲ್ಲಿ ಸರಕಾರ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ, ಆದರೂ ಕೇಳಿದರೆ ಕೊಡ್ತಾರೆ. ಕೊಡ್ತಾರೆ ಅಂತ ತಗೊಳ್ಳುವುದಾ ಮಾರಾಯ್ತಿ?

ಒಂದು ಎಚ್ಚರಿಕೆ. ತುಂಬಾ ದಿನ ಹಚ್ಚಿದ್ದರೆ ನಿಲ್ಲಿಸಿದ ಕೂಡಲೇ ಒಮ್ಮೆ ಭುಗಿಲೇಳ್ತದೆ. ಹೆದರಿ ಪುನಃ ಹಚ್ಚಬೇಡ, ಟ್ಯೂಬನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗು. ಎಷ್ಟು ದಿನ ಹಚ್ಚಿದ್ದು ಅಂತ ನಿಜ ಹೇಳು. ನಂಗೆ ಅವರು ಕಲಿಸಿದ್ದು ಎರಡರ ಲೆಕ್ಕ: ಡಾಕ್ಟರು ಕೊಟ್ಟ ಬರೀ ಫಂಗಸ್ಸಿನ ಕ್ರೀಮು ದಿನಕ್ಕೆ ಎರಡು ಸಲ, ಕಲೆಯಿಂದ ಎರಡು ಸೆಂಟಿಮೀಟರ್ ಆಚೆಗೂ, ಪೂರ್ತಿ ಹೋದ ಮೇಲೂ ಎರಡು ವಾರ. ತುರಿಕೆ ನಿಂತಿತು ಅಂತ ನಡುವೆ ಬಿಡುವವರೇ ಜಾಸ್ತಿ. ನುಂಗುವ ಮಾತ್ರೆಯನ್ನು ಇಲ್ಲಿ ಯಾರೋ ಬರೆದಿದ್ದಾರೆ, ಅದನ್ನು ಸ್ವಂತ ಬುದ್ಧಿಯಿಂದ ಶುರು ಮಾಡಬೇಡ. ಸಕ್ಕರೆ ಕಾಯಿಲೆ ಇದ್ದರೆ, ಬಸಿರಿದ್ದರೆ ಅಂತೂ ಬೇಡವೇ ಬೇಡ.

ಈಗ ಜಿಮ್ಮಿನ ಮಾತು. ನನ್ನ ಎಲ್ಲ ಸಾಮಾನಿನಲ್ಲಿ ಒಂದನ್ನು ಮಾತ್ರ ಬಿಡಲಾರೆ: ಬೈರಾಸು. ನಮ್ಮ ಊರಿನ ತೆಳ್ಳಗಿನ ಹತ್ತಿಯದ್ದು, ಅಜ್ಜ ಹೆಗಲಿಗೆ ಹಾಕ್ತಿದ್ದದ್ದು. ನೀವೆಲ್ಲ ದಪ್ಪ ಟರ್ಕಿಶ್ ಟವೆಲ್ ತರ್ತೀರಿ, ಜುಲೈ ತಿಂಗಳಲ್ಲಿ ಮುಂಬೈಯಲ್ಲಿ ಅದು ಒಣಗುವುದು ಯಾವಾಗ? ಒದ್ದೆ ಟವೆಲನ್ನೇ ಮರುದಿನ ಮೈಗೆ ಉಜ್ಜುವುದು. ಬೈರಾಸು ಫ್ಯಾನಿನ ಕೆಳಗೆ ಕೆಲವೇ ಗಂಟೆಯಲ್ಲಿ ಗರಿಗರಿ. ನನ್ನ ಚೀಲದಲ್ಲಿ ಎರಡು ಇರ್ತವೆ, ಒಂದು ಮುಖ ಕುತ್ತಿಗೆಗೆ, ಇನ್ನೊಂದು ಉಳಿದದ್ದಕ್ಕೆ. ಉಜ್ಜುವುದಿಲ್ಲ, ಒತ್ತಿ ಒತ್ತಿ ನೀರು ಹೀರಿಸುವುದು. ಕಂಕುಳು, ಎದೆಯ ಕೆಳಗೆ, ತೊಡೆಸಂದಿ, ಕಡೆಗೆ ಕಾಲ್ಬೆರಳ ಸಂದಿ. ಕಾಲುಂಗುರದ ಅಡಿಯಲ್ಲೂ ಒರೆಸು, ಅಲ್ಲಿ ನೀರು ನಿಂತದ್ದು ಯಾರಿಗೂ ನೆನಪೇ ಇರುವುದಿಲ್ಲ. ಕಾಲಲ್ಲಿ ಕೆರೆತ ಇದ್ದರೆ ಮೊದಲು ಸಾಕ್ಸ್ ಹಾಕಿ ಆಮೇಲೆ ಒಳಉಡುಪು ಹಾಕು, ಇಲ್ಲದಿದ್ದರೆ ಕಾಲಿನ ಫಂಗಸ್ ಬಟ್ಟೆಗೆ ತಾಗಿ ಮೇಲೆ ಬರ್ತದೆ.

ಜಿಮ್ಮಿನಲ್ಲಿ ಶವರ್ ಇಲ್ಲದಿದ್ದರೂ ಆಗ್ತದೆ. ಒಂದು ಬೈರಾಸು ನಲ್ಲಿ ನೀರಲ್ಲಿ ಹಿಂಡಿ ಒರೆಸು, ಇನ್ನೊಂದರಲ್ಲಿ ಒಣಗಿಸು, ಬಟ್ಟೆ ಪೂರ್ತಿ ಬದಲಾಯಿಸು. ವೈಪ್ಸ್ ಬೆವರಿನ ಉಪ್ಪನ್ನು ಪೂರ್ತಿ ತೆಗೆಯುವುದಿಲ್ಲ, ಕೆಲವು ವಾಸನೆಯ ವೈಪ್ಸಿನಿಂದಲೇ ಉರಿ ಬರ್ತದೆ. ಬೆವರಿಗೆ ಸ್ವಂತ ನಾತ ಇಲ್ಲ, ಚರ್ಮದ ಬ್ಯಾಕ್ಟೀರಿಯಾ ಅದನ್ನು ತಿಂದಾಗ ಬರುವುದು ಅದು. ಹಾಗಾಗಿ ತೊಳೆಯದೆ ಡಿಯೋ ಹೊಡೆದರೆ ನಾತದ ಮೇಲೆ ಅತ್ತರು. ಬೆವರೇ ಕಮ್ಮಿ ಆಗಬೇಕಾದರೆ ಆ್ಯಂಟಿಪರ್ಸ್ಪಿರಂಟ್ ರೋಲ್ ಆನ್, ಅದನ್ನು ಹಚ್ಚುವುದು ರಾತ್ರಿ ಒಣ ಕಂಕುಳಿಗೆ, ಬೆಳಿಗ್ಗೆ ಅಲ್ಲ. ನಾನು ನಿವಿಯಾದ್ದು ಹಚ್ತೇನೆ. ನಮ್ಮ ಅತ್ತೆ ಪಟಿಕವೇ ಸಾಕು ಅಂತಾರೆ, ಮಾಟುಂಗದಿಂದ ತರುವುದು, ಅದೂ ಒಳ್ಳೆಯದೇ, ಅದರಲ್ಲೂ ಅಲ್ಯೂಮಿನಿಯಂ ಲವಣವೇ ಇರುವುದು. ಶೇವ್ ಮಾಡಿದ ಕೂಡಲೇ ಎರಡನ್ನೂ ತಾಗಿಸಬೇಡ. ಜಿಮ್ಮಿಗೆ ಹೊರಡುವ ಮೊದಲು ಶೇವ್ ಮಾಡುವುದೂ ಬೇಡ, ಬೆವರು, ಉಜ್ಜಾಟ ಸೇರಿ ಬೊಕ್ಕೆ ಏಳ್ತದೆ. ರಾತ್ರಿ ಮಾಡಿಕೋ, ಆ ರಾತ್ರಿ ರೋಲ್ ಆನ್ ಬಿಟ್ಟುಬಿಡು.

ಮುಖಕ್ಕೆ ಅವಸರ ಮಾಡಬೇಡ. ವ್ಯಾಯಾಮ ನಿಂತ ಮೇಲೂ 10 ನಿಮಿಷ ಬೆವರು ಬರ್ತಾ ಇರ್ತದೆ, ಆ ಹೊತ್ತಿಗೆ ಸ್ಟ್ರೆಚಿಂಗ್ ಮುಗಿಸು. ಆಮೇಲೆ ತಣ್ಣೀರು, ಸೌಮ್ಯ ಫೇಸ್‌ವಾಶ್. ನಂಗೆ ಸೆಟಾಫಿಲ್ ಒಗ್ಗಿದೆ, ದುಬಾರಿ ಅಂತ ಗೊತ್ತುಂಟು. ಮೈಸೂರು ಸ್ಯಾಂಡಲ್ ಮೈಗೆ ಹಾಕು, ನಾನೂ ಹಾಕ್ತೇನೆ, ಲೋಕಲ್ಲಿನ ನೂಕುನುಗ್ಗಲಲ್ಲೂ ಆ ಪರಿಮಳ ಬಂದರೆ ಮನೆ ನೆನಪಾಗ್ತದೆ. ಆದರೆ ಸೋಪು ಕ್ಷಾರ, ಮುಖ ಬಿರಿಯುತ್ತದೆ. ತೊಳೆದ ಮೇಲೆ ಮಾಯಿಶ್ಚರೈಸರ್, ಎಸ್‌ಪಿಎಫ್ 50ರ ಸನ್‌ಸ್ಕ್ರೀನು ಎರಡು ಬೆರಳುದ್ದ, ಕಾಡಿಗೆ, ಸಾಕು. ಕಾಂಪ್ಯಾಕ್ಟ್ ಬೇಕೇ ಬೇಕಾದರೆ ಆಫೀಸಿನಲ್ಲಿ ಹಾಕು. ಮೈಪೌಡರೂ ಹಾಗೇ, ಒದ್ದೆ ಚರ್ಮದಲ್ಲಿ ಹಿಟ್ಟಿನ ಹಾಗೆ ಗಟ್ಟಿಯಾಗಿ ಉಜ್ಜುತ್ತದೆ. ಇಲ್ಲಿ ಒಬ್ಬರು ಬಕೆಟಿಗೆ ಆ್ಯಂಟಿಸೆಪ್ಟಿಕ್ ಲಿಕ್ವಿಡ್ ಹಾಕಿ ಸ್ನಾನ ಮಾಡು ಅಂದಿದ್ದಾರೆ, ದಯವಿಟ್ಟು ಮಾಡಬೇಡ, ಕೆರೆದ ಚರ್ಮ ಸುಟ್ಟ ಹಾಗಾಗ್ತದೆ.

ತಲೆಗೆ ಎಣ್ಣೆ ಹಾಕಿ ಜಿಮ್ಮಿಗೆ ಬರುವ ಅಭ್ಯಾಸ ನಮ್ಮವರಿಗೆ ಜಾಸ್ತಿ. ಬೆವರಿನ ಜೊತೆ ಎಣ್ಣೆ ಹಣೆಗೆ ಇಳಿದು ಅಲ್ಲೇ ಸಣ್ಣ ಸಣ್ಣ ಮೊಡವೆ. ಒದ್ದೆ ಕೂದಲನ್ನು ತುರುಬು ಕಟ್ಟಿಕೊಂಡು ರೈಲು ಹತ್ತಬೇಡ. ಬೆನ್ನಲ್ಲಿ ಒಂದೇ ಗಾತ್ರದ, ತುರಿಸುವ ಬೊಕ್ಕೆಗಳು ಎದ್ದರೆ ಅದು ಮೊಡವೆ ಆಗಿರಲಿಕ್ಕಿಲ್ಲ, ಯೀಸ್ಟ್ ಅನ್ನುವ ಇನ್ನೊಂದು ಜಾತಿಯ ಫಂಗಸ್ ಇರಬಹುದು. ಮೊಡವೆ ಕ್ರೀಮು ಹಚ್ಚಿ ತಿಂಗಳು ಕಳೆಯಬೇಡ, ಅದನ್ನೂ ಡಾಕ್ಟರಿಗೇ ತೋರಿಸು.

ಬಟ್ಟೆ: ಜಿಮ್ ಲೆಗಿಂಗ್ಸ್ ಅವತ್ತೇ ಒಗೆ, ಒಳಹೊರಗು ಮಾಡಿ. ಚೀಲದಲ್ಲಿ ಸಂಜೆಯವರೆಗೆ ಮುದ್ದೆ ಮಾಡಿ ಇಡಬೇಡ. ತುರಿಕೆ ಇರುವಷ್ಟು ದಿನ ನಿನ್ನ ಬಟ್ಟೆ ಬೇರೆ ಬಕೆಟು, ಬಿಸಿನೀರು. ಬಿಸಿಲಿಲ್ಲದ ದಿನ ಹತ್ತಿ ಒಳಉಡುಪಿನ ಹೊಲಿಗೆಯ ಮೇಲೆ ಇಸ್ತ್ರಿ ಹಾಯಿಸು. ಮನೆಯವರಿಗೂ ತುರಿಕೆ ಉಂಟಾ ಕೇಳು, ಒಬ್ಬರಿಗೆ ಮಾತ್ರ ಔಷಧ ಆದರೆ ಅದು ಮನೆಯೊಳಗೇ ಸುತ್ತು ಹಾಕ್ತದೆ. ನಮ್ಮದು ಎರಡನೇ ಸಲ ಬಂದದ್ದು ಹಾಗೇ.

ಇಷ್ಟೆಲ್ಲ ಮಾಡಿದರೂ ನಂಗೆ ಈಗ 15 ನಿಮಿಷವೇ ಬೇಕಾಗುವುದು. ನಿನ್ನದಕ್ಕಿಂತ ಏಳು ನಿಮಿಷ ಜಾಸ್ತಿ, ಒಂದು ಲೋಕಲ್ ಬಿಟ್ಟರೆ ಮುಂದಿನದು ಬರ್ತದೆ. ಇವತ್ತು ರಾತ್ರಿ ಟ್ಯೂಬಿನ ಹಿಂಬದಿಯ ಫೋಟೋ ನಂಗೆ ಕಳಿಸು, ಗುಂಪಿನಲ್ಲಿ ಹಾಕಲಿಕ್ಕೆ ನಾಚಿಕೆ ಆದರೆ ಪರ್ಸನಲ್ಲಾಗಿ. ನಾನೀಗ ಭಾಂಡುಪಿನಲ್ಲೇ ಇರುವುದು, ಊರಿನಿಂದ ತಂದ ಹೊಸ ಬೈರಾಸು ಎರಡು ಮಡಚಿದ ಹಾಗೇ ಉಂಟು. ಶನಿವಾರ ಬಂದು ತಗೊಂಡು ಹೋಗು.