ಪ್ರತಿಕ್ರಿಯೆ: ಅಂಗಡಿಯಿಂದ ಓಡಿಹೋಗುವ ಮೀನಿನ ಹಾಡು

ಕಾವಲಿಯಿಂದ ಸಮುದ್ರಕ್ಕೆ ಹಾರುವ ಮೀನಿನ ಜಪಾನಿ ಹಾಡು ಯಾವುದು, ಅದರಲ್ಲಿ ಬರುವ ತೈಯಾಕಿ ಎಂಬ ತಿಂಡಿಯಲ್ಲಿ ನಿಜವಾಗಿ ಮೀನು ಇರುತ್ತದೆಯೇ ಎಂದು ಕೇಳಿದ್ದೀರಿ. ಅದು ‘ಒಯೊಗೆ! ತೈಯಾಕಿ-ಕುನ್’, ಹಾಡಿದವರು ಮಸಾತೊ ಶಿಮೊನ್. ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಬಂದು, 1975ರ ಡಿಸೆಂಬರಿನಲ್ಲಿ ರೆಕಾರ್ಡ್ ಆಗಿ ಬಿಡುಗಡೆಯಾಯಿತು. ಮಾರಾಟವಾದದ್ದು 45 ಲಕ್ಷಕ್ಕೂ ಹೆಚ್ಚು ಪ್ರತಿ! ಜಪಾನಿನಲ್ಲಿ ಅಷ್ಟು ಮಾರಾಟವಾದ ಸಿಂಗಲ್ (ಒಂದೆರಡು ಹಾಡಿನ ರೆಕಾರ್ಡ್) ಇನ್ನೊಂದಿಲ್ಲ.

ತಿಂಡಿಯಲ್ಲಿ ಮೀನಿಲ್ಲ, ಆಕಾರ ಮಾತ್ರ ಮೀನಿನದು. ಎರಡು ಹೋಳಿನ ಕಬ್ಬಿಣದ ಅಚ್ಚಿಗೆ ಗೋಧಿ ಹಿಟ್ಟಿನ ಸಂಪಣ ಹೊಯ್ದು, ಅಜುಕಿ ಎಂಬ ಕೆಂಪು ಕಾಳನ್ನು ಸಕ್ಕರೆ ಹಾಕಿ ಬೇಯಿಸಿದ ಹೂರಣ ಇಟ್ಟು, ಅಚ್ಚು ಮುಚ್ಚಿ ಸುಡುತ್ತಾರೆ. ಬಿಸಿಯಿರುವಾಗ ಬಾಲದ ತುದಿ ಗರಿಗರಿ, ಹೊಟ್ಟೆ ಮೆತ್ತಗೆ. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ಸಸ್ಯಾಹಾರಿಗಳಾದರೆ ವಿಚಾರಿಸಿ ತಿನ್ನಿ. ಟೋಕಿಯೋದ ಅಜಬು-ಜುಬಾನಿನಲ್ಲಿ 1909ರಿಂದ ಇರುವ ನಾನಿವಾಯಾ ಅಂಗಡಿ ಇದಕ್ಕೆ ಹೆಸರುವಾಸಿ.

ಹಾಡಿನ ಕತೆ ಕೇಳಿದರೆ ನಗು ಬರುತ್ತದೆ, ಆದರೆ ರಾಗ ಮಾತ್ರ ವಿಷಾದದ್ದು. ನನಗೆ ಅದೇ ಬಹಳ ಇಷ್ಟ. ದಿನಾ ಕಾವಲಿಯ ಮೇಲೆ ಬೆಂದು ಬೇಸತ್ತ ತೈಯಾಕಿ ಅಂಗಡಿಯವನ ಜೊತೆ ಜಗಳವಾಡಿ ಸಮುದ್ರಕ್ಕೆ ಹಾರುತ್ತದೆ. ಹೊಟ್ಟೆಯ ಹೂರಣ ಭಾರ, ಆದರೂ ಖುಷಿಯಾಗಿ ಈಜುತ್ತದೆ. ಕೊನೆಗೆ ಹಸಿವಿಗೆ ಗಾಳ ಕಚ್ಚಿ ಸಿಕ್ಕಿಬೀಳುತ್ತದೆ. ಗಾಳ ಹಾಕಿದವನು ಬಾಯಿ ಚಪ್ಪರಿಸಿ ತಿಂದುಬಿಡುತ್ತಾನೆ. ದಿನವೂ ಅದೇ ಆಫೀಸಿಗೆ ಹೋಗುವ ದೊಡ್ಡವರು ಆ ಮೀನಿನಲ್ಲಿ ತಮ್ಮನ್ನೇ ಕಂಡರು ಎಂಬ ಮಾತು ಜಪಾನಿನಲ್ಲಿದೆ. ನನಗೂ ಅದು ಸರಿಯೆನಿಸುತ್ತದೆ.

ಅದೇ ರೆಕಾರ್ಡಿನ ಹಿಂಬದಿಯಲ್ಲಿ ಕ್ಯಾರೆಟ್‌ನಿಂದ ಶುರುವಾಗುವ ಎಣಿಕೆಯ ಹಾಡಿದೆ. ಮಕ್ಕಳಿದ್ದರೆ ಅದನ್ನೂ ಕೇಳಿಸಿ.