ದಾರಿ ಅಂಕುಡೊಂಕಾಗಿದ್ದು ದೆವ್ವಕ್ಕೆ ಹೆದರಿ ಅಲ್ಲ

ಪ್ರಶ್ನೆ: ಅಮೆರಿಕದ ಬಾಸ್ಟನ್ ಹತ್ತಿರದ ಮೌಂಟ್ ಆಬರ್ನ್ ಸ್ಮಶಾನದ ದಾರಿಗಳು ಅಂಕುಡೊಂಕು. ದೆವ್ವಗಳಿಗೆ ದಾರಿ ತಪ್ಪಲಿ ಅಂತ ಹಾಗೆ ಮಾಡಿದ್ದಾರಂತೆ, ನಿಜವೇ?

ಸುಳ್ಳು. ಈ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ಸುಮ್ನೆ ನಂಬುವ ಬದಲು ಅಲ್ಲಿನ ನೆಲ ನೋಡಿ. ದಿಣ್ಣೆ, ತಗ್ಗು, ಹೊಂಡ, ದೊಡ್ಡ ಮರಗಳು ಎಲ್ಲ ಮೊದಲೇ ಇದ್ದವು. 1831ರಲ್ಲಿ 72 ಎಕರೆಯಲ್ಲಿ ಸ್ಮಶಾನ ಶುರುವಾದಾಗ ಅದರ ವಿನ್ಯಾಸ ಮಾಡಿದ ಹೆನ್ರಿ ಡಿಯರ್‌ಬಾರ್ನ್ ನೆಲವನ್ನು ಸಮತಟ್ಟು ಮಾಡಲು ಹೋಗಲಿಲ್ಲ. ದಿಣ್ಣೆಯ ಮಗ್ಗುಲು ಹಿಡಿದು, ತಗ್ಗನ್ನು ಸುತ್ತಿಕೊಂಡು ದಾರಿ ಹಾಕಿದರು. ಅಳತೆ ಮಾಡಿಕೊಟ್ಟವರು ಅಲೆಕ್ಸಾಂಡರ್ ವಾಡ್ಸ್‌ವರ್ತ್. ಅಗಲದ ದಾರಿ ಕುದುರೆಗಾಡಿಗೆ, ಕಿರಿದಾದದ್ದು ಕಾಲ್ನಡಿಗೆಗೆ. ದಾರಿಗಳಿಗೆ ಗಿಡಮರಗಳ ಹೆಸರು. ಒಂದು ತಿರುವಿನಲ್ಲಿ ಕೊಳ ಕಾಣುತ್ತದೆ, ಇನ್ನೊಂದರಲ್ಲಿ ಕೊಂಬೆಗಳ ಮರೆಯಲ್ಲಿ ಒಂದೇ ಒಂದು ಸಮಾಧಿ. ಅಳಲು ಬಂದವರಿಗೆ ಆ ಮರೆ ಬೇಕು, ಅಲ್ವಾ?

ಇದರ ಹಿಂದೆ ಇದ್ದವರು ಡಾ. ಜೇಕಬ್ ಬಿಗೆಲೋ. ಬಾಸ್ಟನ್‌ನಲ್ಲಿ ಆಗ ಊರೊಳಗೇ, ತುಂಬಿಹೋದ ಜಾಗಗಳಲ್ಲಿ ಹೂಳುತ್ತಿದ್ದರು. ಚರ್ಚುಗಳ ನೆಲಮಾಳಿಗೆಯಲ್ಲೂ ಶವ ಇಡುತ್ತಿದ್ದರು. ಇದು ನಿಲ್ಲಬೇಕು ಅಂತ ಅವರು 1825ರಿಂದಲೇ ಓಡಾಡಿದರು. ಕೊನೆಗೆ ಕೈಜೋಡಿಸಿದ್ದು ಮ್ಯಾಸಚೂಸೆಟ್ಸ್ ತೋಟಗಾರಿಕಾ ಸಂಘ. ಗಿಡ ಬೆಳೆಸುವವರು ಸೇರಿದ್ದರಿಂದಲೇ ಸ್ಮಶಾನ ತೋಟವಾಯಿತು. 1804ರಲ್ಲಿ ಶುರುವಾದ ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನ ಅವರ ಕಣ್ಣಮುಂದಿತ್ತು. ಆದರೆ ಅಲ್ಲಿ ಕಲ್ಲು ಜಾಸ್ತಿ, ಇಲ್ಲಿ ಹಸಿರು ಜಾಸ್ತಿ. ನನಗೆ ಇದೇ ಇಷ್ಟ.

ಪ್ರಶ್ನೆ: ಅಲ್ಲಿನ ಈಜಿಪ್ಟ್ ಶೈಲಿಯ ಹೆಬ್ಬಾಗಿಲು ಗುಪ್ತ ಸಂಘದ ಗುರುತಾ?

ಅಲ್ಲ. ಆ ಕಾಲದಲ್ಲಿ ಸಾವಿನ ನೆನಪಿಗೆ ಆ ಶೈಲಿ ಹಿಡಿಸಿತ್ತು, ಅಷ್ಟೇ. ಮೊದಲು ಮರದಲ್ಲಿ ಕಟ್ಟಿ, ಕಲ್ಲಿನಂತೆ ಕಾಣಲಿ ಅಂತ ಬಣ್ಣದ ಮೇಲೆ ಮರಳು ಉದುರಿಸಿದ್ದರು. ಗ್ರಾನೈಟ್ ಬಂದದ್ದು 1840ರ ದಶಕದಲ್ಲಿ.

ಪ್ರಶ್ನೆ: ಮೊದಲು ಅದು ಪಾರ್ಕ್ ಆಗಿತ್ತಾ?

ಇಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕೂಡ ಈ ಸ್ಮಶಾನ ಶುರುವಾಗಿ 20 ವರ್ಷಕ್ಕೂ ಮೇಲಾದ ಮೇಲೆ ಬಂತು.

ಪ್ರಶ್ನೆ: ನಮ್ಮ ಅಜ್ಜಿಯ ಅಮೃತಶಿಲೆ ಸಮಾಧಿ ಕಪ್ಪಾಗಿದೆ. ಆಸಿಡ್ ಹಾಕಿ ತೊಳೆಯಬಹುದಾ?

ಖಂಡಿತ ಬೇಡ. ವಿನೆಗರ್, ನಿಂಬೆರಸ ಕೂಡ ಬೇಡ. ಅಮೃತಶಿಲೆಯನ್ನು ಹುಳಿ ತಿಂದುಹಾಕುತ್ತದೆ. ಫಳಫಳ ಮಾಡಿಕೊಡುತ್ತೇವೆ ಅಂತ ಬರುವವರು ಕೆತ್ತಿದ ಹೆಸರನ್ನೇ ಅಳಿಸಿ ಹೋಗುತ್ತಾರೆ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಅದಕ್ಕೂ ಮೊದಲು ಕಲ್ಲಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಸಕ್ಕರೆಯಂಥ ಹರಳು ಬೆರಳಿಗೆ ಅಂಟಿದರೆ ಬ್ರಷ್ ಕೂಡ ತಾಗಿಸಬೇಡಿ. ಹಳೇ ಕಲ್ಲಿನ ಕೆಲಸ ಬಲ್ಲವರನ್ನು ಕರೆಸಿ.