ಹೋಮ್‌ಸ್ಟೇ ಬೋರ್ಡಿಗೆ ಪೋಸ್ಟರ್ ಬೊಡೋನಿ ಫಾಂಟ್ ಹಾಕಲಾ, ಅಬ್ರಿಲ್ ಫ್ಯಾಟ್‌ಫೇಸ್ ಫಾಂಟ್ ಹಾಕಲಾ?

ಎರಡೂ ಬೇಡ. ಹೆದ್ದಾರಿಯ ಮಾದನಗೇರಿ ಕ್ರಾಸಿನಲ್ಲಿ ನಿಲ್ಲಿಸುವ ಬೋರ್ಡು, ದಪ್ಪ ಅಕ್ಷರ ಇದ್ರೆ ದೂರಕ್ಕೆ ಕಾಣುತ್ತೆ ಅಂತ ಬರೆದಿದ್ದೀರಿ. ಕಾರವಾರದಲ್ಲಿ ಡಿಟಿಪಿ ಅಂಗಡಿ ಇಟ್ಟ ಹೊಸದರಲ್ಲಿ ನಾನೂ ಇದನ್ನೇ ನಂಬಿದ್ದೆ.

ಹೆದ್ದಾರಿ ಪಕ್ಕದ ಮೀನೂಟದ ಹೋಟೆಲೊಂದಕ್ಕೆ ಫ್ಲೆಕ್ಸ್ ಮಾಡಿಕೊಡಬೇಕಿತ್ತು. ಮೇಲೆ ಕನ್ನಡದಲ್ಲಿ ಹೆಸರು, ಕೆಳಗೆ ಗೋವಾ ಕಡೆಯಿಂದ ಬರುವವರಿಗೆ ಅಂತ ಇಂಗ್ಲಿಷಿನಲ್ಲಿ ಫಿಶ್ ಥಾಲಿ. ಆ ಇಂಗ್ಲಿಷಿಗೆ ಪೋಸ್ಟರ್ ಬೊಡೋನಿ ಹಾಕಿದೆ. ಸ್ಕ್ರೀನಿನಲ್ಲಿ ಭಾರಿ ಚಂದ ಕಂಡಿತು, ಮಾಲೀಕರಿಗೂ ಖುಷಿ. ಬೋರ್ಡು ಏರಿಸಿ, ರಸ್ತೆ ದಾಟಿ ತಿರುಗಿ ನೋಡಿದರೆ ಫಿಶ್ಶೂ ಇಲ್ಲ ಥಾಲಿಯೂ ಇಲ್ಲ, ಸಾಲಾಗಿ ಬಿಳಿ ಕಂಬಗಳು.

ಯಾಕೆ ಅಂತ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ, ದುಡ್ಡು ಹೋಗಿದ್ದು ಇಲ್ಲೇ. ನೀವು ಕೇಳಿದ ಎರಡೂ ಒಂದೇ ಜಾತಿಯ ಫಾಂಟು: ನಿಂತ ಗೆರೆ ಸಿಕ್ಕಾಪಟ್ಟೆ ದಪ್ಪ, ಅಡ್ಡಗೆರೆ ಕೂದಲೆಳೆ. ಎಚ್ ಅಕ್ಷರವನ್ನು ಎಚ್ ಮಾಡೋದೇ ನಡುವಿನ ಅಡ್ಡಗೆರೆ, ಅಲ್ವಾ? ದೂರ ಹೋದ ಹಾಗೆ ಮೊದಲು ಮಾಯವಾಗೋದೂ ಅದೇ. ಉಳಿಯೋದು ಎರಡು ಐ. ಎಫ್ ಕೂಡ ಐ. ಅದು ಸಾಲದು ಅಂತ ನಾನು ಕೆಂಪು ಹಿನ್ನೆಲೆಗೆ ಬಿಳಿ ಅಕ್ಷರ ಕೊಟ್ಟಿದ್ದೆ. ಪ್ರಿಂಟಾಗುವಾಗ ಇಂಕು ಎರಡೂ ಬದಿಯಿಂದ ಹರಡಿ, ಮೊದಲೇ ತೆಳುವಾಗಿದ್ದ ಬಿಳಿ ಗೆರೆಯನ್ನು ತಿಂದು ಹಾಕಿತ್ತು. ಸ್ಕ್ರೀನನ್ನು ಒಂದೆರಡು ಅಡಿಯಿಂದ ನೋಡಿ ಓಕೆ ಅಂದವನು ನಾನು. ಓದಬೇಕಾದವರು 60 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್ ಓಡುವ ಗಾಡಿಯಲ್ಲಿದ್ದರು. ಹೊಸ ಬೋರ್ಡಿನ ಖರ್ಚು ನನ್ನ ತಲೆಗೇ ಬಂತು.

ಫಾಂಟಿನದ್ದು ತಪ್ಪಿಲ್ಲ ಬಿಡಿ. ಬೊಡೋನಿ (1740–1813) ಇಟಲಿಯ ಪಾರ್ಮಾದಲ್ಲಿದ್ದ ಮುದ್ರಕ. ನುಣುಪು ಕಾಗದ, ಒಳ್ಳೆ ಶಾಯಿ, ಕೈಯಲ್ಲಿ ಹಿಡಿದು ಓದುವ ಪುಸ್ತಕ, ಅವನ ಲೆಕ್ಕ ಅದು. ಆ ಥರದ ಅಕ್ಷರವನ್ನೇ ಊದಿಸಿದಂಥ ಫ್ಯಾಟ್ ಫೇಸ್, 19ನೇ ಶತಮಾನದ ಶುರುವಿನಲ್ಲಿ ಲಂಡನ್ನಿನ ಪೋಸ್ಟರುಗಳಿಗೆ ಬಂತು. ಗೋಡೆ ಪಕ್ಕ ನಡೆದು ಹೋಗುವವರಿಗೆ ಅದು ಸಾಕಿತ್ತು.

ಅಬ್ರಿಲ್ ನಿಮಗೆ ಅಷ್ಟು ಇಷ್ಟ ಅಂದ್ರೆ ರೂಮ್ ನಂಬರಿಗೆ ಹಾಕಿ, ಮೆನು ಕಾರ್ಡಿನ ಮುಖಕ್ಕೆ ಎರಡೇ ಪದ ದೊಡ್ಡದಾಗಿ ಹಾಕಿ. ಅಲ್ಲಿ ಅದರ ಗತ್ತೇ ಬೇರೆ. ಒಳಗೆ ಬಂಗಡೆ ಫ್ರೈ ರೇಟಿಗೆ ಮಾತ್ರ ಬೇಡ, ಸಣ್ಣ ಸೈಜಿನಲ್ಲಿ ಕಣ್ಣು ಕುಕ್ಕುತ್ತದೆ.

ಅಷ್ಟಕ್ಕೂ ನೀವು ಕೇಳಿದ ಎರಡರಲ್ಲೂ ಕನ್ನಡ ಅಕ್ಷರಗಳೇ ಇಲ್ಲ. ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ 60% ಕನ್ನಡ ಇರಲೇಬೇಕು. ಹಾಗಾಗಿ ಮೊದಲು ಕನ್ನಡ ಫಾಂಟ್ ಆರಿಸಿ. ನಾನಾದರೆ ನೋಟೋ ಸಾನ್ಸ್ ಕನ್ನಡ ಬೋಲ್ಡ್ ಹಾಕುತ್ತೇನೆ, ಅದಕ್ಕಿಂತ ದಪ್ಪ ಬೇಡ. ಪ ಮತ್ತು ಷ ನಡುವೆ ಇರುವ ವ್ಯತ್ಯಾಸ ಒಳಗಿನ ಒಂದು ಚಿಕ್ಕ ಗೆರೆ, ಜಾಗ ಮುಚ್ಚಿಹೋದರೆ ಎರಡೂ ಒಂದೇ. ಎತ್ತರಕ್ಕೆ ಬೋರ್ಡಿನವರ ಲೆಕ್ಕ 10 ಅಡಿ ದೂರಕ್ಕೆ 1 ಇಂಚು. 100 ಅಡಿಯಿಂದ ಓದಬೇಕು ಅಂದ್ರೆ 10 ಇಂಚು ಇಡಿ, ನಮ್ಮ ಮಳೆಗಾಲ ನೋಡಿಕೊಂಡು ಇನ್ನೂ ಸ್ವಲ್ಪ ಜಾಸ್ತಿನೇ ಇಡಿ.